ಚಪ್ಪಡಿ ಕಲ್ಲಿನಡಿಯ ಮಹಾರಾಜ

ವರ್ಕಾಡಿಯಲ್ಲಿ ಜಯಪಾಲನಿಗೆ ತನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಒಂದು ಚಪ್ಪಡಿ ಕಲ್ಲು ಮಾತ್ರ. ಅದೂ ಹೆಂಡತಿಯ ಅಣ್ಣನ ಗದ್ದೆಯಲ್ಲಿತ್ತು.

ಅಳಿಯಕಟ್ಟಿನ ಮನೆತನಗಳಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಹಾಗಾಗಿ ಗಂಡಸಿಗೆ ಎರಡು ಮನೆ. ಅಕ್ಕನ ಮನೆಯಲ್ಲಿ ಅವನು ಯಜಮಾನ, ಹೆಂಡತಿಯ ಮನೆಯಲ್ಲಿ ನೆಂಟ. ಜಯಪಾಲ ಯಜಮಾನಿಕೆಯನ್ನು ಕಳೆದುಕೊಂಡು ಬರೀ ನೆಂಟನಾಗಿ ಉಳಿದಿದ್ದ. ಸಂಜೆ ಗದ್ದೆಯಿಂದ ಕೆಸರುಗಾಲಲ್ಲಿ ಬಂದರೂ ಸರಿ, ಜಗಲಿಯಲ್ಲಿ ಅವನ ಮುಂದೆ ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ ಬಂದು ಕೂರುತ್ತಿತ್ತು. ಮನೆಯವರಿಗೆ ಯಾರೂ ಬೆಲ್ಲ ನೀರು ಕೊಡುವುದಿಲ್ಲ, ಬಂದವರಿಗೆ ಕೊಡುವುದು. ಮದುವೆಯಾಗಿ ತಲೆ ನರೆತರೂ ಅವನು ಇನ್ನೂ "ಬಂದವನೇ". (ಬೆಲ್ಲವೂ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿತ್ತು ಎಂಬುದು ಬೇರೆ ಮಾತು.)

ಯಜಮಾನಿಕೆ ಹೋದದ್ದು ಒಂದು ಸುಣ್ಣದ ಡಬ್ಬಿಯಿಂದ. ಅವನ ಅಮ್ಮನಿಗೆ ಎಲೆ ಅಡಿಕೆಗೆ ಸುಣ್ಣ ಇಡುವ ಬೆಳ್ಳಿಯ ಡಬ್ಬಿಯೊಂದಿತ್ತು. ಕಟ್ಟಿನ ಪ್ರಕಾರ ಅದು ಮಗಳಿಗೆ, ಅಂದರೆ ಮೊಗ್ರಾಲಿನ ತವರುಮನೆಯಲ್ಲಿದ್ದ ಅಕ್ಕ ಮನೋರಮಾಳಿಗೆ ಸೇರಬೇಕು. ಸಾಯುವ ಮೊದಲು ಮುದುಕಿ ಅದನ್ನು ಸೊಸೆ ದಮಯಂತಿಯ ಕೈಗೆ ಹಾಕಿಬಿಟ್ಟಿತು. ಅಕ್ಕ ಒಮ್ಮೆ ವರ್ಕಾಡಿಗೆ ಬಂದವಳು, "ಅಮ್ಮನ ಡಬ್ಬಿ ಒಮ್ಮೆ ನೋಡುವಾ" ಎಂದಳು. ನೋಡಿದಳು. ಅವಳು ಹೋದ ಮರುದಿನ ಡಬ್ಬಿ ಇರಲಿಲ್ಲ. ದಮಯಂತಿ ಎದೆ ಬಡಿದುಕೊಂಡಳು. ಜಯಪಾಲ ಮೊಗ್ರಾಲಿಗೆ ಹೋಗಿ ಅಕ್ಕನ ಅಂಗಳದಲ್ಲಿ ನಿಂತು, ನೆರೆಯವರು ಕೇಳುವ ಹಾಗೆ, ಅವಳನ್ನು ಕಳ್ಳಿ ಎಂದು ಬಂದ. ಆಮೇಲೆ ಆ ಅಂಗಳ ತುಳಿಯಲಿಲ್ಲ.

ಅಂದಿನಿಂದ ಅವನ ದುಃಖಕ್ಕೆ ಆಸನವಾದದ್ದು ಬೆಟ್ಟುಗದ್ದೆಯ ಮೂಲೆಯ ಆ ಚಪ್ಪಡಿ. ದಿನಾ ಅದರ ಮೇಲೆ ಕೂತು ಎಲೆ ಜಗಿಯುವುದು, ಅಕ್ಕನಿಗೆ ಶಾಪ ಹಾಕುವುದು, ಉಗುಳುವುದು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಶಾಲೆಯ ಮಾಷ್ಟ್ರು ಒಂದು ಸುದ್ದಿ ಹೇಳಿದರು. ತೆಂಕು ಸೀಮೆಯಲ್ಲಿ ಇಂಥದ್ದೇ ಚಪ್ಪಡಿ ಎತ್ತಿದರೆ ಅಡಿಯಲ್ಲಿ ಪುರಾತನ ರಾಜರ ಸಮಾಧಿ ಸಿಕ್ಕಿತಂತೆ, ಕಂಡುಹಿಡಿದವನ ಹೆಸರು ಪತ್ರಿಕೆಯಲ್ಲಿ ಬಂತಂತೆ. ಜಯಪಾಲ ಹೋಗಿ ಕೋಲಿನಿಂದ ಕಲ್ಲಿಗೆ ಬಡಿದ. ಒಳಗೆ ಟೊಳ್ಳು. ಅವನ ಜೀವನದಲ್ಲಿ ಮೊದಲ ಬಾರಿಗೆ ಯಾರೋ ಅವನ ಮಾತಿಗೆ ಹೂಂಗುಟ್ಟಿದ ಹಾಗಾಯಿತು.

"ಸರಕಾರಕ್ಕೆ ತಿಳಿಸ್ತೇನೆ" ಎಂದ ಮನೆಯಲ್ಲಿ.

ಭಾವ ಉಗ್ಗಪ್ಪ ಆರಾಮಕುರ್ಚಿಯಿಂದ ತಲೆ ಎತ್ತದೆ, "ನಿಮಗೆ ಬೇರೆ ಎಂತ ಕೆಲಸ ಇಲ್ವಾ ಭಾವ? ಅದು ಹೆಗ್ಗಣ ಕೊರೆದ ಮಾಟೆ" ಎಂದ.

ದಮಯಂತಿ ಮಾತ್ರ ಕೈಯಲ್ಲಿದ್ದ ಸೌಟನ್ನು ಅಲ್ಲೇ ಬಿಟ್ಟು ಬಂದಳು. "ಬೇಡ. ಅಲ್ಲಿ ಕುಲೆ ಉಂಟು, ಸತ್ತವರದ್ದು."

"ನಾನು ದಿನಾ ಕೂತುಕೊಳ್ಳುವ ಕಲ್ಲಿನಲ್ಲಿ ಎಂಥ ಕುಲೆ?"

"ನೀವು ಕೂತದ್ದಕ್ಕೇ ಎದ್ದು ಬರ್ಲಿಲ್ಲ ಅದು. ಎಬ್ಬಿಸಬೇಡಿ. ಕೈ ಮುಗಿಯುತ್ತೇನೆ."

ಹೆಂಡತಿ ಕೈ ಮುಗಿದದ್ದನ್ನು ಜಯಪಾಲ ಮದುವೆಯ ಮಂಟಪದಲ್ಲಿಯೂ ಕಂಡಿರಲಿಲ್ಲ. ತನ್ನ ಕೀರ್ತಿಯ ಬಗ್ಗೆ ಇವಳಿಗೆ ಈಗಲೇ ಹೊಟ್ಟೆಕಿಚ್ಚು ಎಂದು ತಿಳಿದು ಪರಮಾನಂದಪಟ್ಟ. ಅದೇ ವಾರ ಮಾಷ್ಟ್ರ ಮೂಲಕ ಅರ್ಜಿ ಹೋಯಿತು.

ಮಳೆಗಾಲ ಕಳೆದು ಮದರಾಸಿನಿಂದ ಆಫೀಸರರು ಬಂದರು. ಟೊಪ್ಪಿ, ಬೂಟ್ಸು, ಬಳ್ಳಾರಿಯಲ್ಲಿ ಕಲಿತ ಕನ್ನಡ. ಎಲೆ ಅಡಿಕೆ ಕೊಟ್ಟರೆ "ಅಭ್ಯಾಸವಿಲ್ಲ" ಎಂದು ದೂರ ಸರಿಯುವ ಜನ. ಹಗ್ಗ ಕಟ್ಟಿಸಿ, ಗೂಟ ಹೊಡೆಸಿ, ಬುಟ್ಟಿ ಬುಟ್ಟಿ ಮಣ್ಣು ತೆಗೆಸಿದರು. ಜಯಪಾಲ ದಿನವಿಡೀ ಅವರಿಗೆ ಕೊಡೆ ಹಿಡಿದ. ದಮಯಂತಿ ದಿನಕ್ಕೆ ಹತ್ತು ಸಲ ಮಜ್ಜಿಗೆ ತಂದಳು, ತಂದವಳು ಹೋಗಲಿಲ್ಲ.

ಚಪ್ಪಡಿ ಎದ್ದ ದಿನ ಊರೇ ನೆರೆಯಿತು. ಅಡಿಯಲ್ಲಿ ಮುರಕಲ್ಲು ಕೊರೆದು ಮಾಡಿದ ಗುಹೆ. ಗುಹೆಯಲ್ಲಿ ಕೆಂಪು ಮಡಕೆಗಳು, ತುಕ್ಕು ಹಿಡಿದ ಕತ್ತಿ. ಕೊನೆಗೆ ಬಾಯಿ ತೆರೆದ ಒಂದು ದೊಡ್ಡ ಭರಣಿ. ಆಫೀಸರರು ಅದರೊಳಗೆ ಕೈ ಹಾಕಿದರು. ಹೊರಗೆ ಬಂದದ್ದು ಮುಷ್ಟಿಯಷ್ಟು ದೊಡ್ಡ, ಕಪ್ಪಗಾದ ಒಂದು ಡಬ್ಬಿ.

"ಬೆಳ್ಳಿ" ಎಂದರು ಆಫೀಸರರು, ಪಿಸುಮಾತಿನಲ್ಲಿ. ಕುಂಚದಿಂದ ಮಣ್ಣು ಗುಡಿಸಿದರು. "ರಾಜವಂಶದ ಗಂಧದ ಕರಂಡಕ. ಇಲ್ಲಿ ಮುಚ್ಚಳದಲ್ಲಿ ತಗ್ಗು ನೋಡಿ. ಇದು ಯುದ್ಧದಲ್ಲಿ ಬಿದ್ದ ಪೆಟ್ಟು. ಎದುರಾಳಿಯ ತಲೆ ಬಹಳ ಗಟ್ಟಿ ಇದ್ದಿರಬೇಕು."

ಜಯಪಾಲನ ಕೈ ತಾನಾಗಿ ಹಣೆಗೆ ಹೋಯಿತು. ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತಿತ್ತು. ಅವನು ಸಣ್ಣವನಿದ್ದಾಗ ಶಾಲೆ ತಪ್ಪಿಸಿ ಹೊಳೆಗೆ ಹೋದ ದಿನ, ಅಮ್ಮ ಎಲೆ ಜಗಿಯುತ್ತಾ ಕೂತಲ್ಲಿಂದಲೇ ಬೀಸಿ ಒಗೆದದ್ದು ಈ ಡಬ್ಬಿಯನ್ನೇ. ತಗ್ಗು ಡಬ್ಬಿಯಲ್ಲಿ ಬಿತ್ತು, ಗುರುತು ಹಣೆಯಲ್ಲಿ ಉಳಿಯಿತು.

ಅವನು ದಮಯಂತಿಯನ್ನು ನೋಡಿದ. ಅವಳು ಮಜ್ಜಿಗೆಯ ತಂಬಿಗೆಯೊಳಗೆ ನೋಡುತ್ತಿದ್ದಳು.

"ಇಂಥದ್ದನ್ನು ಈ ಕಡೆ ಯಾರಾದರೂ ಕಂಡದ್ದುಂಟೇ?" ಆಫೀಸರರು ಕೇಳಿದರು.

ಕಂಡದ್ದುಂಟು ಎಂದರೆ ಹೆಂಡತಿ ಊರೆದುರು ಕಳ್ಳಿ. ಆಮೇಲೆ ಯಾವ ಮನೆಯಲ್ಲಿ ಗಂಜಿ? ಚಪ್ಪಡಿಯಡಿಯ ಮಹಾರಾಜ ಅಲ್ಲೇ ಸಾಯುತ್ತಾನೆ, ಪತ್ರಿಕೆಯಲ್ಲಿ ಬರಬೇಕಾದ ಹೆಸರೂ ಅವನ ಜೊತೆಗೇ. ಕಂಡದ್ದಿಲ್ಲ ಎಂದರೆ ಅಕ್ಕ ಇದ್ದ ಹಾಗೇ ಇರುತ್ತಾಳೆ. ಹೇಗೂ ಇಷ್ಟು ವರ್ಷ ಇದ್ದಾಳಲ್ಲ.

"ಇಲ್ಲ ಸ್ವಾಮಿ" ಎಂದ ಜಯಪಾಲ. "ನಮ್ಮಲ್ಲಿ ಯಾರೂ ಕಂಡದ್ದಿಲ್ಲ."

ಆಫೀಸರರು ಹತ್ತಿಯಲ್ಲಿ ಸುತ್ತಿ ಡಬ್ಬಿಯನ್ನು ಪೆಟ್ಟಿಗೆಗೆ ಇಳಿಸಿದರು. ಪತ್ರಿಕೆಗೆ ಕಳಿಸಬೇಕು, ಹೆಸರು ಬೇಕು ಎಂದರು. ಜಯಪಾಲ ಕೊಡೆಯನ್ನು ಇನ್ನೊಬ್ಬನ ಕೈಗೆ ಕೊಟ್ಟು, ಗಂಟಲು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದ.

"ಭೂಮಿ ಯಾರದು?"

ಅದುವರೆಗೆ ದೂರದಲ್ಲಿ ಹೆಗ್ಗಣದ ಮಾತಾಡುತ್ತಿದ್ದ ಉಗ್ಗಪ್ಪ ಶಾಲು ಸರಿಮಾಡಿಕೊಂಡು ಎರಡು ಹೆಜ್ಜೆ ಮುಂದೆ ಬಂದ. "ನಂದು. ಅಲ್ಲಿ ಎಂತದೋ ಉಂಟು ಅಂತ ನನಗೆ ಮೊದಲೇ ಸಂಶಯ."

"ಕೊಡೆ ಹಿಡಿದವರು?"

"ಅವರು ನಮ್ಮ ನೆಂಟರು."

ಸಂಜೆ ಜಗಲಿಯಲ್ಲಿ ಬೆಲ್ಲ ನೀರು ಇಟ್ಟ ದಮಯಂತಿಯನ್ನು ಜಯಪಾಲ ತಡೆದು ನಿಲ್ಲಿಸಿದ. "ರಾಜನ ಹತ್ತಿರ ಅಮ್ಮನ ಡಬ್ಬಿ ಹೇಗೆ ಹೋಯಿತು?"

"ನಿಮ್ಮ ಅಕ್ಕ ಅದನ್ನು ನೋಡಿದ ಕಣ್ಣು ನೀವು ನೋಡ್ಲಿಲ್ಲ. ಪುನಃ ಬಂದು ಕೇಳಿದರೆ ನೀವು ಎತ್ತಿ ಕೊಡುವವರು. ನಾಲ್ಕು ದಿನಕ್ಕೆ ಅಂತ ಚಪ್ಪಡಿಯ ಸಂದಿಯಲ್ಲಿ ಇಟ್ಟೆ. ಟಣ್ ಅಂತ ಒಳಗೆ ಬಿತ್ತು. ಎಷ್ಟು ಕೈ ಹಾಕಿದರೂ ಸಿಗ್ಲಿಲ್ಲ. ಒಳಗೆ ಒಬ್ಬ ಭರಣಿ ಬಾಯಿ ತೆರೆದು ಕೂತಿದ್ದಾನೆ ಅಂತ ನನಗೆಂತ ಗೊತ್ತು?"

"ಆಗಲೇ ಹೇಳಬಹುದಿತ್ತಲ್ಲ?"

"ಹೇಳುವಾ ಅಂತ ಬಂದೆ. ನೀವು ಆಗಲೇ ಮೊಗ್ರಾಲಿಗೆ ಹೋಗಿ ಕೂಗಿ ಆಗಿತ್ತು. ಇಡೀ ಜನ್ಮದಲ್ಲಿ ಒಂದು ಕೆಲಸ ಬೇಗ ಮಾಡಿದ್ದು ನೀವು, ಅದು ಅದೇ."

ಪತ್ರಿಕೆಯಲ್ಲಿ ಉಗ್ಗಪ್ಪನ ಹೆಸರು ಬಂತು. ಬಂದವರಿಗೆಲ್ಲ ಅವನು ಯುದ್ಧದ ವರ್ಣನೆ ಮಾಡತೊಡಗಿದ, ಎದುರಾಳಿಯ ಬುರುಡೆ ಎಷ್ಟು ಗಟ್ಟಿ ಎಂದು ಬೆರಳ ಗೆಣ್ಣಿನಿಂದ ಕಂಬಕ್ಕೆ ಕುಟ್ಟಿ ತೋರಿಸಿದ. ಬುರುಡೆ ಅಲ್ಲೇ ಮೂಲೆಯಲ್ಲಿ ಕೂತು ಕೇಳುತ್ತಿತ್ತು. ಒಂದು ದಿನ ತಡೆಯದೆ ಎದ್ದು ಮೊಗ್ರಾಲಿನ ಬಸ್ಸು ಹತ್ತಿತು.

ಮನೋರಮಾ ಜಗಲಿಯಲ್ಲಿ ಕೂತು ತಗಡಿನ ಡಬ್ಬಿಯಿಂದ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಅಂಗಳದಲ್ಲಿಯೇ ನಿಂತು ಜಯಪಾಲ ಎಲ್ಲ ಹೇಳಿದ.

"ಡಬ್ಬಿ ಎಲ್ಲಿ ಉಂಟು ಈಗ?"

"ಮದರಾಸಿನಲ್ಲಿ. ಗಾಜಿನ ಪೆಟ್ಟಿಗೆಯಲ್ಲಿ ಇಡ್ತಾರಂತೆ ಅಕ್ಕ."

"ಅಮ್ಮನದ್ದು ಅಂತ ನೀನು ಹೇಳ್ಲಿಲ್ವಾ?"

ಜಯಪಾಲ ನೆಲ ನೋಡಿದ. "ಜನ ಎಲ್ಲ ಇದ್ದರು."

"ಅವತ್ತು ಈ ಅಂಗಳದಲ್ಲಿಯೂ ಇದ್ದರು ಮಾರಾಯ."

ಜಯಪಾಲ ಹಣೆಯ ಕೂದಲು ಸರಿಸಿ ಗಾಯದ ಗುರುತು ತೋರಿಸಿದ. ತಮ್ಮ ಎಂಬುದಕ್ಕೆ ಅವನಲ್ಲಿ ಉಳಿದದ್ದು ಅದೊಂದೇ.

ಮನೋರಮಾ ಅದನ್ನು ಸ್ವಲ್ಪ ಹೊತ್ತು ನೋಡಿದಳು. "ಅಮ್ಮ ಇನ್ನೂ ಸ್ವಲ್ಪ ಜೋರು ಒಗೆಯಬೇಕಿತ್ತು" ಎಂದಳು. ಆದರೆ ಎದ್ದವಳು ಬಾಗಿಲು ಹಾಕಲಿಲ್ಲ, ಒಳಗೆ ಹೋದಳು. ಪಾತ್ರೆಯ ಸದ್ದು ಕೇಳಿಸಿತು. ಜಯಪಾಲನ ಎದೆ ಹಗುರಾಯಿತು. ತವರಿನ ಅಡುಗೆಮನೆ, ಅಕ್ಕನ ಕೈಯ ಗಂಜಿ, ಮೀನಿನ ಚಟ್ನಿ. ಅವನು ಕಾಲು ತೊಳೆದು, ಹಿಂದೆ ಕೂರುತ್ತಿದ್ದ ಯಜಮಾನನ ಜಾಗದಲ್ಲಿ ಹೋಗಿ ಕೂತ.

ಅಕ್ಕ ಬಂದು ಅವನ ಮುಂದೆ ಒಂದು ತಂಬಿಗೆ ನೀರು ಇಟ್ಟಳು. ಪಕ್ಕದಲ್ಲಿ ಒಂದು ತುಂಡು ಬೆಲ್ಲ.

"ಕುಡಿಯಿರಿ" ಎಂದಳು. "ಬಿಸಿಲು ಇಳಿದ ಮೇಲೆ ಬಸ್ಸು ಉಂಟು."