ಒಂಬೈನೂರು ಡಿಗ್ರಿಯ ಕಾರು

ಅಳತೆ ಪರಿಶೀಲನಾ ಕಚೇರಿಯ ಕಾರು ತಿಂಗಳ ಮೂರನೆಯ ತಾರೀಖು, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ, ನೆರಳಿನಲ್ಲಿ ನಿಂತಲ್ಲೇ ಒಂಬೈನೂರು ಡಿಗ್ರಿ ತಲುಪಿತು. ಚಾಲಕ ಕೀಲಿ ತಿರುಗಿಸಿದ್ದನೇ ಹೊರತು ಎಂಜಿನ್ ಇನ್ನೂ ಸ್ಟಾರ್ಟ್ ಆಗಿರಲಿಲ್ಲ. ಬಾನೆಟ್ಟಿನ ಮೇಲೆ ಒಂದು ಬೆಕ್ಕು ಮಲಗಿತ್ತು. ಇವೆಲ್ಲವನ್ನೂ ಕಡತದಲ್ಲಿ ದಾಖಲಿಸಲಾಗಿದೆ.

ಇಪ್ಪತ್ತೆರಡು ವರ್ಷ ಸ್ಟೀರಿಂಗ್ ಹಿಡಿದ ಚಾಲಕನಿಗೆ ಕಾರಣ ತಿಳಿಯಲು ಎರಡು ನಿಮಿಷವೂ ಬೇಕಾಗಲಿಲ್ಲ. ಹೊಗೆ ಹೋಗುವ ಪೈಪಿನಲ್ಲಿ ಅದರ ಬಿಸಿ ಅಳೆದು ಸ್ಟೀರಿಂಗ್ ಮುಂದಿನ ಮೀಟರಿಗೆ ತಿಳಿಸುವ ಬೆರಳುದ್ದದ ಸೆನ್ಸರ್ ಇರುತ್ತದೆ. ಅದು ಕೆಟ್ಟಿತ್ತು. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎಂಬುದು ಗೊತ್ತಿದ್ದೂ ಅವನು ಮುಖ್ಯ ಪರಿಶೀಲಕರ ಬಳಿಗೆ ಹೋದ.

“ಸೆನ್ಸರ್ ಸುಳ್ಳು ಹೇಳ್ತಿದೆ ಸಾರ್.”

“ಯಾರ ಮುಂದೆ ಏನ್ರೀ ಮಾತಾಡ್ತಿದೀರ? ಮನುಷ್ಯ ಸುಳ್ಳು ಹೇಳ್ತಾನೆ, ಮೀಟರ್ ಹೇಳಲ್ಲ. ನಮ್ಮ ಮೊದಲನೇ ನಿಯಮಾನೇ ಅದು.”

“ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಸಾರ್? ಮುಟ್ಟಿ ನೋಡಿ, ತಣ್ಣಗಿದೆ.”

“ಅಂಗೈ ಪ್ರಮಾಣೀಕೃತ ಸಾಧನ ಅಲ್ಲ.”

ಮಧ್ಯಾಹ್ನವೇ ಕಾರಿನ ಸುತ್ತ ಹಗ್ಗ ಕಟ್ಟಿ ಪ್ರಕಟಣೆ ಅಂಟಿಸಲಾಯಿತು: “ವಾಹನವು ಒಂಬೈನೂರು ಡಿಗ್ರಿ ಶಾಖದಲ್ಲಿರುವುದರಿಂದ ಇಪ್ಪತ್ತು ಅಡಿಯೊಳಗೆ ಯಾರೂ ಬರತಕ್ಕದ್ದಲ್ಲ. ಐವತ್ತು ಡಿಗ್ರಿಗೆ ಇಳಿದ ನಂತರವಷ್ಟೇ ದುರಸ್ತಿಗೆ ಅವಕಾಶ.” ಇಳಿದಿದೆಯೆಂದು ತಿಳಿಸಬೇಕಾದದ್ದು ಅದೇ ಸೆನ್ಸರ್. ಪ್ರಕಟಣೆಯನ್ನು ಬೆಕ್ಕಿಗೂ ಓದಿ ಹೇಳಲಾಯಿತು. ಅದು ಆಕ್ಷೇಪಣೆ ಸಲ್ಲಿಸಲಿಲ್ಲ, ಏಳಲೂ ಇಲ್ಲ.

ಪರಿಶೀಲಕರು ದಿನವೂ ದುರ್ಬೀನಿನಿಂದ ಮೀಟರ್ ಓದಿ, ಒಂಬೈನೂರು ಎಂದು ಬರೆದು ಸಹಿ ಹಾಕಿದರು. ಚಾಲಕನಿಗೆ ಮಾತ್ರ ದಿಗಿಲು ಹತ್ತಿತು. ಕಾರು ಮೂವತ್ತು ದಿನ ಓಡದಿದ್ದರೆ ಚಾಲಕನ ಹುದ್ದೆ ತಾನಾಗಿಯೇ ರದ್ದು. ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ಇಪ್ಪತ್ತಾರನೆಯ ದಿನದ ಹೊತ್ತಿಗೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಮರುದಿನ ಕಚೇರಿ ಊಟ ಮುಗಿಸಿ ತೂಕಡಿಸುವಾಗ, ಚಾಲಕ ಮೆಕ್ಯಾನಿಕ್ ಆಗಿದ್ದ ತನ್ನ ಭಾಮೈದನನ್ನು ಕರೆತಂದ. ಭಾಮೈದ ಕಾರಿನಡಿಗೆ ನುಸುಳಿ, ವೈರುಗಳಿಗೆ ಟೆಸ್ಟರ್ ಹಿಡಿದು ನೋಡಿದ.

“ವೈರ್ ಸರಿಯಾಗಿದೆ ಭಾವ. ಸೆನ್ಸರೇ ಒಳಗೆ ತುಂಡಾಗಿದೆ.”

ಹೊಸ ಸೆನ್ಸರನ್ನು ವೈರಿಗೆ ಸಿಕ್ಕಿಸಿ ಬಿಸಿನೀರಿನಲ್ಲಿ ಅದ್ದಿದರು, ಅಂಕಿ ಏರಿತು. ತಣ್ಣೀರಿನಲ್ಲಿ ಅದ್ದಿದರು, ಇಳಿಯಿತು. ಪೈಪಿಗೆ ತಿರುಗಿಸಿ ಕೂರಿಸಿದಾಗ ಮೀಟರ್ ಮೂವತ್ತೊಂದು ತೋರಿಸಿತು. ಸುದ್ದಿ ಕೇಳಿ ಪರಿಶೀಲಕರು ಹೌಹಾರಿದರು.

“ನಿನ್ನೆ ಒಂಬೈನೂರಿತ್ತು. ಉಳಿದ ಎಂಟುನೂರ ಅರವತ್ತೊಂಬತ್ತು ಡಿಗ್ರಿ ಎಲ್ಲಿ?”

“ಇರಲೇ ಇಲ್ಲ ಸಾರ್.”

“ಇರಲಿಲ್ಲ ಅಂದ್ರೆ? ಇಪ್ಪತ್ತಾರು ದಿನ ನಾನೇ ಸಹಿ ಹಾಕಿದೀನಿ.”

ಕಚೇರಿಯ ಶಾಖವನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಹಿಂದಿರುಗಿಸತಕ್ಕದ್ದೆಂದು ಚಾಲಕನಿಗೆ ನೋಟಿಸು ಬಂತು. ಅವನು ತಲೆ ಚಚ್ಚಿಕೊಂಡು ಹಳೆಯ ಸೆನ್ಸರನ್ನೇ ಹಾಕಿದ. ಶಾಖ ಪೂರ್ತಿ ಸಂದಾಯವಾಗಿದೆಯೆಂದು ರಸೀದಿ ಸಿಕ್ಕಿತು. ಆದರೆ ಉಳಿದದ್ದು ಎರಡೇ ದಿನ. ಹೊಟ್ಟೆಪಾಡು ಮನುಷ್ಯನಿಗೆ ಎಂತೆಂಥ ಬುದ್ಧಿಯನ್ನೋ ಕೊಡುತ್ತದೆ.

“ಸಾರ್, ಬಿಸಿಲಿರಲಿ, ಚಳಿಯಿರಲಿ, ಒಂದು ಡಿಗ್ರಿ ಆಚೀಚೆ ಆಗದ ಮೀಟರ್ ನಮ್ಮಲ್ಲಿ ಬೇರೆ ಯಾವುದಿದೆ? ಇದನ್ನೇ ಮಾನದಂಡ ಮಾಡಿ. ಊರಿನ ಒಲೆಗಳ ಮೀಟರುಗಳನ್ನೆಲ್ಲ ಇದಕ್ಕೆ ಹೋಲಿಸಿ ನೋಡಬಹುದು. ನಾನು ಓಡಿಸ್ತೀನಿ.”

ಪರಿಶೀಲಕರ ಕಣ್ಣು ತುಂಬಿ ಬಂತು. ಮಾನದಂಡಕ್ಕೆ ಇಪ್ಪತ್ತು ಅಡಿಯ ನಿಯಮ ಅನ್ವಯಿಸುವುದಿಲ್ಲವೆಂದು ಅಂದೇ ಆದೇಶವಾಯಿತು.

ಮೂವತ್ತನೆಯ ದಿನ ಕಾರು ಹೊರಟು, ಮೊದಲು ಬೇಕರಿಯ ಮುಂದೆ ನಿಂತಿತು. ಬೆಂಕಿ ಹಚ್ಚದ ಕಾರು ಒಂಬೈನೂರು ತೋರಿಸುತ್ತಿತ್ತು. ಬೆಂಕಿ ಹಚ್ಚದ ಒಲೆ ಬರೀ ಮೂವತ್ತು. ಪರಿಶೀಲಕರು ಒಲೆಯ ಮೀಟರನ್ನು ತಿರುಪಿ ಒಂಬೈನೂರಕ್ಕೆ ತಂದು ಸೀಲು ಹಾಕಿದರು.

“ಇನ್ನು ಬೆಂಕಿ ಹಚ್ಚಬೇಡಿ. ಈಗಾಗಲೇ ಹೆಚ್ಚಾಗಿದೆ.”

ಬೇಕರಿಯವನು ಕೈಮುಗಿದ. ಸೌದೆ ಉಳಿಯಿತಲ್ಲ.

ಸಂಜೆ ಚಾಲಕ, ಹುದ್ದೆ ಮುಂದುವರಿಸಿದ ಆದೇಶದ ಜೊತೆಗೆ, ಅದೇ ಬೇಕರಿಯ, ಪೊಟ್ಟಣದ ಮೇಲೆ ಕಚೇರಿಯ ಸೀಲು ಬಿದ್ದಿದ್ದ ಒಂದು ಬ್ರೆಡ್ಡನ್ನೂ ಮನೆಗೆ ತಂದ. ಹೆಂಡತಿ ಒಂದು ತುಂಡು ಬಾಯಿಗಿಟ್ಟಳು. ಅದು ಹಲ್ಲಿಗೆ ಅಂಟಿತು.

“ಇದೇನ್ರೀ, ಹಸಿಹಿಟ್ಟು?”

“ಒಂಬೈನೂರು ಡಿಗ್ರಿ ಕಣೇ. ಸೀಲು ನೋಡು.”

ಅವಳು ಪೊಟ್ಟಣ ತಿರುಗಿಸಿ ಸೀಲು ಓದಿದಳು. ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

“ಹೌದ್ರೀ. ಸ್ವಲ್ಪ ಸೀದಿದೆ.”

ಚಾಲಕ ಚಾಕು ತಂದು, ಸೀದ ಭಾಗವನ್ನು ಜೋಪಾನವಾಗಿ ಕೆರೆದುಕೊಟ್ಟ.