ಇಪ್ಪತ್ತನಾಲ್ಕು ಗುಣಗಳ ಮೇಷ್ಟ್ರು

ಹಂಗಾಮಿ ಮೇಷ್ಟ್ರಿಗೆ ಕಷ್ಟ ಬಂದದ್ದು ಗುಂಡುಸೂಜಿ ಚುಚ್ಚಿಸಿಕೊಂಡ ಒಂದು ಹಾಳೆಯಿಂದ. ಬೆಳಿಗ್ಗೆ ಅವರು ಶಿಕ್ಷಕರ ಕೊಠಡಿಗೆ ಕಾಲಿಡುವ ಹೊತ್ತಿಗೆ ಹೆಡ್ ಮೇಡಂ ಅದನ್ನು ಹಲಗೆಗೆ ಸಿಕ್ಕಿಸಿ, ನಾಲ್ಕು ಹೆಜ್ಜೆ ಹಿಂದೆ ಬಂದು, ಕಿಟಕಿಗೆ ಹೊಸ ಪರದೆ ಹಾಕಿದವರ ಹಾಗೆ ತಲೆ ವಾರೆ ಮಾಡಿ ನೋಡುತ್ತಿದ್ದರು. ಮೇಲೆ ದಪ್ಪಕ್ಷರದಲ್ಲಿ 'ಉತ್ತಮ ಶಿಕ್ಷಕರ ಗುಣಗಳು' ಎಂದಿತ್ತು. ಕೆಳಗೆ ಒಂದರಿಂದ ಇಪ್ಪತ್ತನಾಲ್ಕರವರೆಗೆ ಸಾಲುಗಳು. ಪ್ರತಿ ಸಾಲಿನ ತುದಿಗೂ ಒಂದೊಂದು ಖಾಲಿ ಚೌಕ.

"ಮೇಲಿಂದ ಬಂದಿದೆ ಮೇಷ್ಟ್ರೇ. ಇವತ್ತು ಊಟದ ಗಂಟೆ ಆದಮೇಲೆ ತನಿಖೆಯ ಮೇಡಂ ಬಂದು ನಿಮ್ಮ ಪಾಠ ನೋಡ್ತಾರಲ್ಲ, ಅವರ ಕೈಲಿ ಇರೋದು ಇದೇ ಹಾಳೆ. ಗುಣ ಕಂಡ್ರೆ ಟಿಕ್ಕು. ಕಾಣದಿದ್ರೆ ಇಲ್ಲ. ಕೊನೆಗೆ 'ಅರ್ಹ' ಅಂತ ಬರೆದ್ರೆ ಕೆಲಸ ಕಾಯಂ."

"ಬರೀದಿದ್ರೆ?"

"ಇನ್ನು ಮೂರು ವರ್ಷ ಹೀಗೇ."

ಹೀಗೇ ಎಂದರೆ ಹೇಗೆ ಎಂಬುದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಒಂಬತ್ತು ವರ್ಷದಿಂದ ಅವರನ್ನು ಬೇಸಿಗೆ ರಜೆಯ ಹಿಂದಿನ ದಿನ ಕೆಲಸದಿಂದ ತೆಗೆದು, ಶಾಲೆ ತೆರೆದ ದಿನ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಚಳಿ ಮುಗಿದೊಡನೆ ಪೆಟ್ಟಿಗೆಗೆ ಹೋಗಿ ಚಳಿ ಬಂದೊಡನೆ ಹೊರಗೆ ಬರುವ ಕಂಬಳಿಯ ಹಾಗೆ. ತನಿಖೆಗೆ ಅವರ ಸರದಿ ಬಂದದ್ದು ಇದೇ ಮೊದಲು. ಜೊತೆಯವರೆಲ್ಲ ಅವರನ್ನು ಹಂಗಾಮಿ ಮೇಷ್ಟ್ರು ಎನ್ನುತ್ತಿದ್ದರು. ಹೆಂಡತಿಯ ತಮ್ಮನಂತೂ ಮನೆಗೆ ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ "ಏನ್ ಹಂಗಾಮಿ ಭಾವ, ಈ ವರ್ಷವಾದ್ರೂ ನಿಂತ್ಕೊಂಡ್ರಾ, ಇನ್ನೂ ಒಂಟಿ ಕಾಲೇನಾ?" ಎಂದು ಕೂಗುತ್ತಿದ್ದ. ಈ ದಿನ ಮನೆಯಿಂದ ಹೊರಡುವಾಗ ಹೆಂಡತಿ ಅಂಗಿಯ ಗುಂಡಿ ಹಾಕುತ್ತ ಹೇಳಿದ್ದಳು: "ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಕಾಯಂ ಆಗ್ಕೊಂಡೇ ಬನ್ನಿ. ಅವನ ಬಾಯಿಗೆ ಒಂದು ಬೀಗ ಬೇಕು ನಂಗೆ."

ಮೇಷ್ಟ್ರು ಹಾಳೆಯನ್ನು ಓದಿದರು. ಸದಾ ನಗುಮುಖ. ತರಗತಿಯಲ್ಲಿ ಕುಳಿತುಕೊಳ್ಳದಿರುವುದು. ಮಕ್ಕಳನ್ನು ಹೆಸರು ಹಿಡಿದು ಕರೆಯುವುದು. ಏಳನೆಯದು ಬಿಗಿಯಾದ ಶಿಸ್ತು. ಎಂಟನೆಯದು ಮಕ್ಕಳಿಗೆ ಪೂರ್ಣ ಸ್ವಾತಂತ್ರ್ಯ. ಹದಿನೈದಕ್ಕೆ ಬರುವಷ್ಟರಲ್ಲಿ, ಇಷ್ಟೆಲ್ಲ ಗುಣ ಇರುವವನು ಈ ಕೆಲಸಕ್ಕೆ ಯಾಕಾದರೂ ಬರುತ್ತಾನೆ ಎಂಬ ಅನುಮಾನ ಅವರಿಗೆ ಬಂತು. ಅವರ ಪಾಠದ ರೀತಿ ಬೇರೆ. ಎರಡು ಲೆಕ್ಕ ಬೋರ್ಡಿನ ಮೇಲೆ ಬರೆದು ಕುರ್ಚಿಯಲ್ಲಿ ಕೂರುತ್ತಿದ್ದರು. ಮುಖ ಬಾಗಿಲು ಎಳೆದ ಅಂಗಡಿಯ ಹಾಗಿರುತ್ತಿತ್ತು. ತಪ್ಪಿದವರನ್ನು ಒಬ್ಬೊಬ್ಬರನ್ನಾಗಿ ಮೇಜಿನ ಬಳಿ ಕರೆದು, ಎಲ್ಲಿ ತಪ್ಪಿತು ಎಂದು ಅವರ ಬಾಯಿಂದಲೇ ಹೇಳಿಸುತ್ತಿದ್ದರು. ಮಕ್ಕಳಿಗೆ ಲೆಕ್ಕ ಬರುತ್ತಿತ್ತು. ಆದರೆ ಅದಕ್ಕೆ ಹಾಳೆಯಲ್ಲಿ ಚೌಕವಿರಲಿಲ್ಲ.

"ಹೆದರ್ಕೋಬೇಡಿ," ಎಂದರು ಡ್ರಿಲ್ ಮೇಷ್ಟ್ರು, ಬೆನ್ನಿಗೆ ಒಂದು ಗುದ್ದು ಕೊಟ್ಟು. "ನಾನು ಇದೇ ತನಿಖೆಯ ಮೇಡಂ ಮುಂದೆ ಒಂದೇ ಏಟಿಗೆ ಕಾಯಂ ಆದವನು. ಏನ್ ಪಾಠ ಮಾಡ್ದೆ? ಎಡಕ್ಕೆ ತಿರುಗು, ಬಲಕ್ಕೆ ತಿರುಗು. ಎಲ್ಲಾ ಗಂಟಲಲ್ಲಿದೆ ಸ್ವಾಮಿ. ಹೊಟ್ಟೆಯಿಂದ ಬರ್ಬೇಕು ಧ್ವನಿ. ಹೇಳಿ ನೋಡೋಣ, ಭಿನ್ನರಾಶಿ!"

"ಭಿನ್ನರಾಶಿ," ಎಂದರು ಮೇಷ್ಟ್ರು.

"ಕಾಯಿಲೆಯವರು ನೀರು ಕೇಳಿದ ಹಾಗಿದೆ. ಇನ್ನೊಂದ್ಸಲ!"

ಮೂರನೇ ಸಲಕ್ಕೆ ಪಕ್ಕದ ಕೋಣೆಯ ಮಗುವೊಂದು ಅಳತೊಡಗಿತು. ಧ್ವನಿ ಸರಿಯಾಯಿತೆಂದು ಡ್ರಿಲ್ ಮೇಷ್ಟ್ರು ತೀರ್ಪು ಕೊಟ್ಟರು.

ಆಮೇಲೆ ನಗುವಿನ ಪಾಳಿ. ಭಾಷೆ ಟೀಚರ್ ತಮ್ಮ ಚೀಲದಿಂದ ಅಂಗೈಯಗಲದ ಕನ್ನಡಿ ತೆಗೆದು ಅವರ ಮುಂದೆ ಹಿಡಿದರು. "ಬರೀ ತುಟಿ ನಕ್ಕರೆ ಸಾಲದು ಸಾರ್, ಕಣ್ಣೂ ನಗಬೇಕು."

"ಕಣ್ಣು ನಕ್ಕರೆ ಮುಚ್ಕೊಳ್ಳತ್ತೆ ಟೀಚರ್, ಬೋರ್ಡು ಕಾಣಲ್ಲ."

"ಬೋರ್ಡು ಯಾರು ನೋಡ್ತಾರೆ? ಅವರು ನೋಡೋದು ನಿಮ್ಮನ್ನ."

ಹೆಡ್ ಮೇಡಂ ಸುಮ್ಮನಿರಲಿಲ್ಲ. ಊಟದ ಹೊತ್ತಿಗೆ ಅವರು ಮೇಷ್ಟ್ರ ತರಗತಿಯಿಂದ ದಡ್ಡರೆಂದು ಹೆಸರಾದ ಎಂಟು ಮಕ್ಕಳನ್ನು ಆರಿಸಿ ಪುಸ್ತಕದ ಕೋಣೆಗೆ ಸಾಗಿಸಿದರು. ಅವರ ಜಾಗಕ್ಕೆ ಪಕ್ಕದ ತರಗತಿಯಿಂದ ಎಂಟು ಜಾಣರನ್ನು ತಂದು ಕೂರಿಸಿದರು. ಇದು ಆ ಶಾಲೆಯ ಹಳೆಯ ಪದ್ಧತಿ. ಯಾರ ಪಾಠ ನೋಡಲು ಯಾರು ಬಂದರೂ ಆ ಎಂಟೇ ಮಕ್ಕಳು ಕೈ ಎತ್ತುತ್ತಿದ್ದರು. ಅಭ್ಯಾಸಬಲದಿಂದ ಅವರು ಪ್ರಶ್ನೆ ಮುಗಿಯುವ ಮೊದಲೇ ಎತ್ತುವುದನ್ನೂ ಕಲಿತಿದ್ದರು.

"ಹೆಸರು ಹಿಡಿದು ಕರೀಬೇಕಲ್ಲ ಮೇಡಂ, ನಂಗೆ ಇವರ ಹೆಸರೇ ಗೊತ್ತಿಲ್ಲ!"

"ಅಂಗೈ ಮೇಲೆ ಬರ್ಕೊಳ್ಳಿ. ಪಾಠೋಪಕರಣಕ್ಕೆ ಕಲ್ಲಂಗಡಿ ತರಿಸಿದ್ದೀನಿ. ಎಂಟು ಹೋಳು ಮಾಡಿ, ಎಂಟನೇ ಒಂದು ಭಾಗ ಅಂತ ತೋರಿಸಿ. ನಗೋದು ಮರೀಬೇಡಿ."

ತನಿಖೆಯ ಮೇಡಂ ಹೊತ್ತಿಗೆ ಸರಿಯಾಗಿ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಕನ್ನಡಕ ಮೂಗಿನ ತುದಿಗೆ, ಹಾಳೆ ತೊಡೆಯ ಮೇಲೆ, ಪೆನ್ನು ಚೌಕದ ಮೇಲೆ. ಮೇಷ್ಟ್ರು ಬಾಗಿಲಲ್ಲೇ ನಗು ಹಚ್ಚಿಕೊಂಡು ಒಳಗೆ ಬಂದರು.

ಒಂಬತ್ತು ವರ್ಷದಲ್ಲಿ ಆ ಕೋಣೆ ಅವರ ಹಲ್ಲು ಕಂಡಿರಲಿಲ್ಲ. ಮುಂದಿನ ಬೆಂಚಿನ ಹುಡುಗಿ ಕಳವಳದಿಂದ ಎದ್ದು ನಿಂತಳು.

"ಸಾರ್, ಹಲ್ಲು ನೋವಾ?"

ನಗು ಅಲ್ಲೇ ಬಿದ್ದುಹೋಯಿತು. ಎತ್ತಿಕೊಳ್ಳಲು ಹೋದರೆ ತುಟಿ ಒಂದು ಕಡೆ ಮಾತ್ರ ಮೇಲೆದ್ದಿತು. ಹೊಟ್ಟೆಯಿಂದ "ಭಿನ್ನರಾಶಿ!" ಎಂದರು. ಬೆಂಚುಗಳು ನಡುಗಿದವು, ಎಂಟು ಜಾಣರು ಒಟ್ಟಿಗೆ ಕೈ ಎತ್ತಿದರು. ಹೆಸರಿಗೆಂದು ಮೇಷ್ಟ್ರು ಅಂಗೈ ನೋಡಿಕೊಂಡರೆ, ಬೆವರಿಗೆ ಎಂಟು ಹೆಸರೂ ಕರಗಿ ಒಂದೇ ನೀಲಿ ಕೆರೆಯಾಗಿತ್ತು. "ಹೇಳು ಮರಿ," ಎಂದರು ಗತಿಯಿಲ್ಲದೆ. "ನೀನು ಹೇಳು ಪುಟ್ಟಾ. ನೀನು ಹೇಳು ಕಂದಾ." ಹಿಂದೆ ಪೆನ್ನು ಆಡಿದ ಸದ್ದಾಯಿತು. ಅದು 'ಮಕ್ಕಳಲ್ಲಿ ಅಕ್ಕರೆ' ಎಂಬ ಸಾಲಿಗೆ ಬಿದ್ದ ಟಿಕ್ಕು.

ಕಲ್ಲಂಗಡಿ ಕುಯ್ಯುವುದು ಮೇಷ್ಟ್ರ ಮನೆಯಲ್ಲಿ ಹೆಂಡತಿಯ ಕೆಲಸ. ಚಾಕು ಹಣ್ಣಿನೊಳಗೆ ಹೋಗಿ ದಾರಿ ತಪ್ಪಿತು. ಎಂಟು ಹೋಳು ಆದವು ನಿಜ. ಒಂದು ದೋಣಿಯಷ್ಟು, ಒಂದು ಉಗುರಿನಷ್ಟು.

"ಇದು ಎಂಟನೇ ಒಂದು ಭಾಗ," ಎಂದು ದೋಣಿಯನ್ನು ಎತ್ತಿ ಹಿಡಿದರು.

"ಹಂಗಾದ್ರೆ ನಂಗೆ ಅದೇ ಇರ್ಲಿ ಸಾರ್!" "ಇಲ್ಲ ಸಾರ್, ನಾನು ಮೊದ್ಲು ಕೈ ಎತ್ತಿದ್ದು!" ಜಾಣರು ಒಬ್ಬರ ಮೇಲೊಬ್ಬರು ಬಿದ್ದರು. ಮೇಷ್ಟ್ರು ಜಗಳ ತಪ್ಪಿಸಲು ದೋಣಿಯನ್ನು ತನಿಖೆಯ ಮೇಡಂಗೇ ಕೊಟ್ಟುಬಿಟ್ಟರು.

ಆ ಗದ್ದಲದಲ್ಲಿ ಬಾಗಿಲು ಕಿರ್ರೆಂದಿತು. ನಿಂತಿದ್ದವಳು ಯಾಕಮ್ಮ. ಅದು ಅವಳ ಹೆಸರಲ್ಲ. ಏನು ಹೇಳಿದರೂ "ಯಾಕೆ?" ಎನ್ನುವುದಕ್ಕೆ ಶಾಲೆಯವರು ಇಟ್ಟದ್ದು. ಪುಸ್ತಕದ ಕೋಣೆಗೆ ಹೋದ ಎಂಟು ಮಕ್ಕಳಲ್ಲಿ ಮೊದಲನೆಯವಳು. ಪೆನ್ಸಿಲ್ ಡಬ್ಬಿ ಮರೆತಿದ್ದಳಂತೆ. ಡಬ್ಬಿ ತೆಗೆದುಕೊಂಡವಳು ಹೋಗದೆ ಹೋಳುಗಳನ್ನು ನೋಡುತ್ತ ನಿಂತಳು.

"ಸಾರ್, ಮೂರನೇ ಒಂದು ದೊಡ್ಡದು, ಎಂಟನೇ ಒಂದು ಚಿಕ್ಕದು ಅಂತೀರಲ್ಲ, ಯಾಕೆ? ಮೂರಕ್ಕಿಂತ ಎಂಟು ದೊಡ್ಡದಲ್ವಾ?"

ಜಾಣರು ಕಿಸಕ್ಕೆಂದರು. ಮೇಷ್ಟ್ರು ಒಮ್ಮೆ ಹಿಂದಿನ ಬೆಂಚನ್ನು ನೋಡಿದರು, ಒಮ್ಮೆ ಅವಳನ್ನು ನೋಡಿದರು. ಆಮೇಲೆ ನಗು, ಧ್ವನಿ, ಅಂಗೈ ಎಲ್ಲವನ್ನೂ ಮರೆತು, ಕುರ್ಚಿ ಎಳೆದುಕೊಂಡು ಧೊಪ್ಪನೆ ಕುಳಿತರು.

"ಬಾ ಇಲ್ಲಿ. ಒಂದು ಹಣ್ಣು ಮೂರು ಜನಕ್ಕೆ ಹಂಚ್ತೀಯೋ, ಎಂಟು ಜನಕ್ಕೋ? ಯಾವಾಗ ನಿಂಗೆ ಹೆಚ್ಚು ಸಿಗತ್ತೆ?"

"ಮೂರಕ್ಕೆ." ಅವಳು ಹೋಳುಗಳನ್ನು ಒಂದೊಂದಾಗಿ ಮುಟ್ಟಿದಳು. "ಓ! ಗೆರೆ ಕೆಳಗಿರೋ ಅಂಕಿ ಹಂಚ್ಕೊಳ್ಳೋರು!"

"ಹಾಂ. ಈಗ ಈ ಬೀಜ ಎಣಿಸು. ಹದಿನಾರು. ಇದರಲ್ಲಿ ಎಂಟನೇ ಐದು ಭಾಗ ತೆಗಿ."

"ಯಾಕೆ ಸಾರ್..."

"ಮೊದಲು ಎಂಟು ಗುಡ್ಡೆ ಮಾಡು. ಒಂದೊಂದರಲ್ಲಿ ಎಷ್ಟು? ಎರಡು. ಐದು ಗುಡ್ಡೆ ಎತ್ಕೋ. ಎಷ್ಟಾಯ್ತು?"

"ಹತ್ತು!" ಎಂದಿತು ಒಂದು ದನಿ. ಅದು ಯಾಕಮ್ಮನದಲ್ಲ. ಮೇಷ್ಟ್ರು ತಲೆಯೆತ್ತಿದರು. ತನಿಖೆಯ ಮೇಡಂ ಕೈಯಲ್ಲಿ ಕಲ್ಲಂಗಡಿ ಸಿಪ್ಪೆ ಹಿಡಿದು ಮೇಜಿಗೆ ಒರಗಿ ನಿಂತಿದ್ದರು.

"ಹತ್ತೇ ಅಲ್ವಾ ಮೇಷ್ಟ್ರೇ? ನಂಗೆ ಇನ್ನೊಂದ್ಸಲ ಹೇಳಿ. ನಮ್ಮ ಶಾಲೇಲಿ ಭಿನ್ನರಾಶಿ ಮಾಡಿದ ತಿಂಗಳು ನಂಗೆ ಗಂಟಲು ಬೇನೆ. ಆಮೇಲೆ ಯಾರನ್ನಾದ್ರೂ ಕೇಳೋದಕ್ಕೆ ನಾಚಿಕೆ, ಮತ್ತೆ ನೋಡಿದ್ರೆ ಆಫೀಸರ್ ಆಗಿಬಿಟ್ಟಿದ್ದೆ."

ಗಂಟೆ ಹೊಡೆಯಿತು. ಮುಂದಿನ ಪಿರಿಯಡ್ಡಿನ ಡ್ರಿಲ್ ಮೇಷ್ಟ್ರು ಸೀಟಿ ಬಾಯಿಗಿಟ್ಟು ಬಾಗಿಲಿಗೆ ಬಂದರು, ಒಳಗೆ ನೋಡಿ ಸೀಟಿಯನ್ನು ಜೇಬಿಗೆ ಹಾಕಿಕೊಂಡರು. ಯಾಕಮ್ಮ ಮತ್ತು ತನಿಖೆಯ ಮೇಡಂ ಒಂದೇ ಬೆಂಚಿನಲ್ಲಿ ಒತ್ತಿ ಕೂತು ಬೀಜದ ಗುಡ್ಡೆ ಮಾಡುತ್ತಿದ್ದರು. ಹನ್ನೆರಡರಲ್ಲಿ ನಾಲ್ಕನೇ ಮೂರು. ಇಪ್ಪತ್ತರಲ್ಲಿ ಐದನೇ ಎರಡು. ಮೇಡಂಗೆ ಎರಡು ಸಲ ತಪ್ಪಿತು. ಮೇಷ್ಟ್ರು ಬೈಯಲೂ ಇಲ್ಲ, ನಗಲೂ ಇಲ್ಲ. "ಎಲ್ಲಿ ತಪ್ಪಿತು ಹೇಳಿ," ಎಂದು ಕಾದರು. ಮೂರನೇ ಸಲ ಸರಿಯಾದಾಗ ಮೇಡಂ ಕಣ್ಣಲ್ಲಿ ನೀರಾಡಿತು.

ಸುದ್ದಿ ಶಿಕ್ಷಕರ ಕೊಠಡಿಗೆ ಮೊದಲೇ ಓಡಿಬಂದಿತ್ತು. "ಆಯ್ತು ಬಿಡಿ, ಆಫೀಸರ್‌ಗೇ ಪಾಠ ಹೇಳಿಬಿಟ್ರಲ್ಲ!" ಎಂದು ಭಾಷೆ ಟೀಚರ್ ಕೈ ತಟ್ಟಿದರು. ಹೆಡ್ ಮೇಡಂ ಟೀ ತರಿಸಿದರು. ಮೇಷ್ಟ್ರು ಮನಸ್ಸಿನಲ್ಲೇ ಭಾವಮೈದುನನ ಬಾಯಿಗೆ ಬೀಗ ಹಾಕಿ ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟರು.

ತನಿಖೆಯ ಮೇಡಂ ಹಾಳೆ ಬಿಡಿಸಿ ಗಟ್ಟಿಯಾಗಿ ಓದುತ್ತ ಗುರುತು ಹಾಕಿದರು. ಪಾಠೋಪಕರಣ: ಸಿಹಿಯಾಗಿತ್ತು, ಟಿಕ್ಕು. ಅಕ್ಕರೆ: ಇದೆ. ಹೆಸರು ಹಿಡಿದು ಕರೆಯುವುದು: ಮರಿ, ಪುಟ್ಟಾ, ಕಂದಾ ಎಂದು ಕರೆದರು, ಇದೆ. ಶಿಸ್ತು: ಇದೆ. ಸ್ವಾತಂತ್ರ್ಯ: ಹೊಡೆದಾಡಿಕೊಂಡರು, ಆದ್ದರಿಂದ ಇದೆ. "ಸದಾ ನಗುಮುಖ... ಇದಕ್ಕೆ ಆಗಲ್ಲ ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಕೂತ್ಕೊಂಡ್ರಿ, ಇದೂ ಹೋಯ್ತು. ಎಲ್ಲ ಮಕ್ಕಳಿಗೂ ಸಮಾನ ಗಮನ... ಒಬ್ಬಳ ಜೊತೆಗೇ ಇದ್ರಲ್ಲ. ಗಂಟೆಯೊಳಗೆ ಪಾಠ ಮುಗಿಸೋದು..."

"ಮೇಡಂ, ಅದು ನೀವೇ ಇನ್ನೊಂದ್ಸಲ ಹೇಳಿ ಅಂದಿದ್ದಕ್ಕೆ..."

"ಹೌದು ಪಾಪ. ಆದ್ರೆ ಮುಗೀಲಿಲ್ವಲ್ಲ. ಇಪ್ಪತ್ನಾಲ್ಕಕ್ಕೆ ಇಪ್ಪತ್ತು! ಇಷ್ಟು ಇಲ್ಲಿ ಯಾರಿಗೂ ಬಂದಿಲ್ಲ. ನಮ್ಮ ಡ್ರಿಲ್ ಮೇಷ್ಟ್ರಿಗೆ ಹದಿಮೂರು."

ಎಲ್ಲರೂ ಹೋ ಎಂದರು. ಮೇಡಂ 'ಅರ್ಹ' ಎಂದು ಬರೆಯಲು ಪೆನ್ನು ಊರಿದರು. ಊರಿದ ಪೆನ್ನು ಅಲ್ಲೇ ನಿಂತಿತು. ಹಾಳೆಯ ಬುಡದಲ್ಲಿ ಇರುವೆ ಸಾಲಿನಂಥ ಸಣ್ಣಕ್ಷರವಿತ್ತು. ಅವರು ಕನ್ನಡಕ ಮೇಲೇರಿಸಿ ಓದಿದರು: "'ಒಟ್ಟು ಗುಣಗಳ ಎಂಟನೇ ಏಳು ಭಾಗಕ್ಕಿಂತ ಕಡಿಮೆ ಬಂದವರು ಅನರ್ಹರು.' ನೋಡಿ, ಇಷ್ಟು ವರ್ಷ ಈ ಸಾಲು ಬಂದ್ರೆ ನಂಗೆ ತಲೆ ತಿರುಗೋದು. ಏನೋ ಒಂದು ಇರತ್ತೆ ಅಂತ ಎಲ್ಲರಿಗೂ ಅರ್ಹ ಅಂತ ಬರೆದು ಸಹಿ ಹಾಕ್ಬಿಡ್ತಿದ್ದೆ. ಇವತ್ತು ಬಿಡಲ್ಲ!"

ಯಾರೂ ಟೀ ಕುಡಿಯುತ್ತಿರಲಿಲ್ಲ.

ಮೇಡಂ ಹಾಳೆಯ ಹಿಂದೆ ಪೆನ್ನಿನಿಂದ ಗೆರೆ ಎಳೆದರು. "ಇಪ್ಪತ್ನಾಲ್ಕು. ಎಂಟು ಗುಡ್ಡೆ. ಒಂದೊಂದರಲ್ಲಿ ಮೂರು. ಏಳು ಗುಡ್ಡೆ ಎತ್ಕೊಂಡ್ರೆ..." ತುಟಿ ಅಲುಗಿತು, ಬೆರಳು ಮಡಚಿಕೊಂಡಿತು. ಮುಖ ಅರಳಿತು. "ಇಪ್ಪತ್ತೊಂದು! ಸರಿಯಾ ಮೇಷ್ಟ್ರೇ?"

ಹಾಳೆ ಮೇಷ್ಟ್ರ ಮುಂದೆ ಬಂತು. ಹಿಂದಿನಿಂದ ಹೆಡ್ ಮೇಡಂ ಹಲ್ಲು ಕಚ್ಚಿ ಪಿಸುಗುಟ್ಟಿದರು: "ತಪ್ಪು ಅನ್ನಿ! ಇಪ್ಪತ್ತು ಅನ್ನಿ! ಅವರಿಗೇನು ಗೊತ್ತಾಗತ್ತೆ!" ಭಾಷೆ ಟೀಚರ್ ಮೇಜಿನ ಕೆಳಗೆ ಅವರ ಕಾಲು ತುಳಿದರು.

ಮೇಷ್ಟ್ರು ಬಾಯಿ ತೆರೆದರು. ತಪ್ಪು ಎನ್ನಲು ಎರಡೇ ಅಕ್ಷರ ಸಾಕಾಗಿತ್ತು. ಆದರೆ ಎದುರಿಗೆ ಹೊಸದಾಗಿ ಲೆಕ್ಕ ಕಲಿತ ಮುಖವೊಂದು, ಉತ್ತರ ಸರಿಯೋ ಅಲ್ಲವೋ ಎಂದು ಉಸಿರು ಹಿಡಿದು ಕಾಯುತ್ತಿತ್ತು. ಅವರ ಕೈ ಅವರನ್ನು ಕೇಳದೆ ಜೇಬಿಗೆ ಹೋಗಿ, ಕೆಂಪು ಪೆನ್ನು ತೆಗೆದು, ಇಪ್ಪತ್ತೊಂದರ ಪಕ್ಕ ದೊಡ್ಡದೊಂದು ಟಿಕ್ಕು ಹಾಕಿತು.

"ಸರಿಯಾಗಿದೆ," ಎಂದರು.

ಮೇಡಂ ಹಿಗ್ಗಿನಿಂದ ಹಾಳೆ ತಿರುಗಿಸಿ 'ಅನರ್ಹ' ಎಂದು ಗುಂಡಗೆ ಬರೆದು, ಸಹಿ ಹಾಕಿ, ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು.

"ಎಂಥ ಪಾಠ ಮೇಷ್ಟ್ರೇ! ನೀವು ನಂಗೆ ಹತ್ತು ವರ್ಷ ಮೊದಲೇ ಸಿಗ್ಬೇಕಿತ್ತು."

"ಸದ್ಯ," ಎಂದರು ಡ್ರಿಲ್ ಮೇಷ್ಟ್ರು, ಜೀವಮಾನದಲ್ಲಿ ಮೊದಲ ಬಾರಿಗೆ ತೀರ ಮೆಲ್ಲನೆ, "ಸಿಗಲಿಲ್ಲ."