ಹೋಲಿಕೆಯ ಬೀದಿ

ಎಲ್ಲ ತಾಪತ್ರಯವೂ ಶುರುವಾದದ್ದು ಒಂದು ಬಲ್ಬಿನಿಂದ.

ಬೆಳಗ್ಗೆ ಹಲ್ಲುಜ್ಜುತ್ತಾ ಹೊರಗೆ ಬಂದ ಕತ್ತಲಪ್ಪ ಯಾಕೋ ತಲೆ ಎತ್ತಿ ನೋಡಿದ. ಯಾರೋ ಅಡುಗೆಮನೆಯಿಂದ ಕಿಟಕಿಯ ಸಂದಿನಲ್ಲಿ ವೈರು ಎಳೆದು, ಬಾಗಿಲಿನ ನೆತ್ತಿಯ ಮೇಲೆ ಹೊಸ ಬಲ್ಬು ತೂಗುಹಾಕಿದ್ದರು. ಪರೀಕ್ಷೆಗೆಂದು ಹೊತ್ತಿಸಿದ್ದು ಹಗಲಲ್ಲೂ ಉರಿಯುತ್ತಲೇ ಇತ್ತು. ಅವನು ಬಾಯಲ್ಲಿದ್ದ ನೊರೆಯನ್ನು ಗುಳುಕ್ಕನೆ ನುಂಗಿಬಿಟ್ಟ.

"ಇದನ್ನ ಹಾಕಿದ್ದು ಯಾರು?"

"ನಾನೇ. ಸಂಜೆ ದೊಡ್ಡ ದೊಡ್ಡವರೆಲ್ಲಾ ಬರ್ತಾರಂತಲ್ಲ," ಎಂದಳು ಹೆಂಡತಿ. "ಬಂದವರನ್ನ ಕತ್ತಲಲ್ಲಿ ನಿಲ್ಲಿಸೋಕಾಗುತ್ತೇನ್ರೀ?"

ಕತ್ತಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅದು ಬೀದಿಯವರ ಉಡುಗೊರೆ. ಊರಿನ ಅಂಚಿನಲ್ಲಿ ಬಡವರ ಬೀದಿಗಳು ಎರಡಿದ್ದವು, ಮೇಲಿನದು ಮತ್ತು ಕೆಳಗಿನದು. ಎರಡೂ ಅವಳಿ ಮಕ್ಕಳಂತೆ ಒಂದೇ ಥರ. ಅದೇ ತೆರೆದ ಚರಂಡಿ, ಅದೇ ಗುಂಡಿಗಳು, ಮತ್ತು ಹುಟ್ಟಿದಾಗಿನಿಂದ ಎರಡಕ್ಕೂ ಬೀದಿದೀಪವಿಲ್ಲ. ದೀಪ ಹಾಕಿದರೆ ಪ್ರಯೋಜನ ಎಂಬುದಕ್ಕೆ ಪುರಾವೆ ಏನು ಎಂದು ಊರಿನ ಆಡಳಿತ ಕೇಳಿತು. ತಂದುಕೊಡುತ್ತೇವೆ ಎಂದು ಒಂದು ಸಂಶೋಧನಾ ಸಂಸ್ಥೆ ಮುಂದೆ ಬಂತು. ಒಂದು ಬೀದಿಗೆ ದೀಪ ಹಾಕುವುದು, ಇನ್ನೊಂದನ್ನು ಇದ್ದ ಹಾಗೆಯೇ ಬಿಡುವುದು, ವರ್ಷ ಕಳೆದ ಮೇಲೆ ಎರಡನ್ನೂ ಹೋಲಿಸಿ ನೋಡುವುದು. ಯಾರಿಗೂ ಅನ್ಯಾಯವಾಗಬಾರದೆಂದು ಚೀಟಿ ಎತ್ತಿಸಿದರು. ಸಂಸ್ಥೆಯ ಕ್ಷೇತ್ರ ಸಹಾಯಕನಾಗಿದ್ದ ನಮ್ಮವನೇ ಕಣ್ಣು ಮುಚ್ಚಿ ಎತ್ತಿದ. ಬಂದದ್ದು ಮೇಲಿನ ಬೀದಿ. ತಾನು ವಾಸವಿದ್ದ ಕೆಳಗಿನ ಬೀದಿಯನ್ನು ತನ್ನ ಕೈಯಾರೆ ಕತ್ತಲಿಗೆ ನೂಕಿದ ಗಂಡಸಿಗೆ ಬೀದಿಯವರು ಬೇರೆ ಯಾವ ಹೆಸರಿಟ್ಟಾರು?

ಸಂಸ್ಥೆಯ ಭಾಷೆಯಲ್ಲಿ ಕೆಳಗಿನ ಬೀದಿ 'ಹೋಲಿಕೆಯ ಬೀದಿ' ಆಯಿತು. ಅಲ್ಲಿ ಏನೂ ಬದಲಾಗದಂತೆ ನೋಡಿಕೊಳ್ಳುವುದು ಅವನ ಕೆಲಸ. ಏನೂ ಆಗದಂತೆ ನೋಡಿಕೊಳ್ಳುವುದಕ್ಕೂ ಸಂಬಳ ಕೊಡುತ್ತಾರೆ ಎಂದರೆ ಬೀದಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಒಂದು ಸಂಜೆ ಅವನ ಅತ್ತೆ ಚರಂಡಿಗೆ ಬಿದ್ದು ಕೈ ಮುರಿದುಕೊಂಡರು. ಅಳಿಯ ಓಡಿಹೋಗಿ ಎತ್ತಿದ, ಪಟ್ಟಿ ಕಟ್ಟಿಸಿದ, ಆಮೇಲೆ ಫೋನು ತೆಗೆದು ಆ ಬೀಳುವಿಕೆಯನ್ನು ಸಂಸ್ಥೆಗೆ ವರದಿ ಮಾಡಿದ. ಅಂದಿನಿಂದ ಅತ್ತೆ ಅವನ ಜೊತೆ ಮಾತು ಬಿಟ್ಟರು. ಏನಿದ್ದರೂ ಕೆಮ್ಮಿನಲ್ಲೇ. ಊಟಕ್ಕೆ ಏಳು ಎಂಬುದಕ್ಕೆ ಒಂದು ಕೆಮ್ಮು, ನಿನ್ನ ಮುಖ ನೋಡಲಾರೆ ಎಂಬುದಕ್ಕೆ ಇನ್ನೊಂದು. ಅವನಿಗೆ ಆ ಭಾಷೆ ಚೆನ್ನಾಗಿ ಬರುತ್ತಿತ್ತು.

ಇವತ್ತು ಸಂಜೆ ಆಡಳಿತದ ಸಮಿತಿ ಕಣ್ಣಾರೆ ನೋಡಲು ಬರುವುದಿತ್ತು. ಎರಡು ಬೀದಿಗಳ ವ್ಯತ್ಯಾಸ ಅವರ ಮನಸ್ಸಿಗೆ ನಾಟಿದರೆ ಊರಿನ ಎಲ್ಲ ಕತ್ತಲೆ ಬೀದಿಗಳಿಗೂ ದೀಪ, ಮೊದಲು ಕೆಳಗಿನ ಬೀದಿಗೆ. ನಾಟದಿದ್ದರೆ ಅಮ್ಮನನ್ನು ಕರೆದುಕೊಂಡು ಅಣ್ಣನ ಮನೆಗೆ ಹೋಗುತ್ತೇನೆ ಎಂದು ಹೆಂಡತಿ ಹೇಳಿಯಾಗಿತ್ತು. ಅವಳು ಸುಮ್ಮನೆ ಹೇಳುವವಳಲ್ಲ. ಆದರೆ ಹೆಂಡತಿಯ ಮಾತಿಗಿಂತ ಹೆಚ್ಚಾಗಿ, ತನ್ನ ಬೀದಿಯಲ್ಲಿ ಒಂದು ದೀಪ ಹೊತ್ತಿದ್ದನ್ನು ನೋಡಬೇಕು ಎಂಬ ಆಸೆ ವರ್ಷವಿಡೀ ಅವನ ಎದೆಯನ್ನು ಕೊರೆದಿತ್ತು. ಆ ಚೀಟಿ ಅವನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

ಬಲ್ಬು ಬಿಚ್ಚಿ ಜೇಬಿಗೆ ಹಾಕಿಕೊಂಡು ಬೀದಿಯ ಕಡೆ ತಿರುಗಿದವನಿಗೆ ಕಾಲೇ ಬರಲಿಲ್ಲ. ಎದುರುಮನೆಯ ದರ್ಜಿ ಏಣಿ ಹತ್ತಿ, ಬಣ್ಣದ ಬಲ್ಬಿನ ಸರವನ್ನು ಈ ಮಾಡಿನಿಂದ ಆ ಮಾಡಿಗೆ ಎಳೆಯುತ್ತಿದ್ದ. ಕೆಳಗೆ ಹೆಂಗಸರು ಹೊಸ್ತಿಲಿಗೆ ಸುಣ್ಣ ಬಳಿಯುತ್ತಿದ್ದರು. ಗುಂಡಿಗಳಿಗೆ ಮಣ್ಣು ಬಿದ್ದಿತ್ತು. ಚರಂಡಿಯ ಮೇಲೆ ಯಾರೋ ಹಲಗೆ ಹಾಸಿ, ಅದರ ಮೇಲೆ ಹೂವಿನ ಕುಂಡವನ್ನೂ ಇಟ್ಟಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಅದನ್ನು ಒಂದಿಡೀ ಬೀದಿ ಸೇರಿ ಮಾಡುವುದನ್ನು ಅವನು ಅಂದೇ ಕಂಡದ್ದು.

ಅವನು ಏಣಿಯ ಬುಡದಲ್ಲಿ ನಿಂತು ಗೋಗರೆದ. ಬಡತನವನ್ನು ಇಡೀ ವರ್ಷ ಜೋಪಾನ ಮಾಡಿ ಇವತ್ತೊಂದು ದಿನ ಮುಚ್ಚಿಟ್ಟರೆ ಹೇಗೆ ಎಂದು ಕೇಳಿದ. ದರ್ಜಿ ಮೇಲಿನಿಂದಲೇ ಯೋಚಿಸಿದ.

"ಅಂದ್ರೆ ಚೆನ್ನಾಗಿ ಕಾಣಬಾರದು?"

"ಇವತ್ತು ಚೆನ್ನಾಗಿ ಕಂಡ್ರೆ ನಾಳೆ ಚೆನ್ನಾಗಿರಲ್ಲಪ್ಪ."

ಮಾತು ದರ್ಜಿಯ ತಲೆಗೆ ಹೋಯಿತು. ಅಷ್ಟೇ ಅಲ್ಲ, ಬೇಕಾದ್ದಕ್ಕಿಂತ ಹೆಚ್ಚೇ ಹೋಯಿತು. ಕತ್ತಲಪ್ಪ ಆಫೀಸಿಗೆ ಹೋಗಿ ಮಧ್ಯಾಹ್ನ ಬರುವಷ್ಟರಲ್ಲಿ ಸುಣ್ಣದ ಮೇಲೆ ಕೆಸರು ಬಿದ್ದಿತ್ತು. ಮುಚ್ಚಿದ ಗುಂಡಿಗಳನ್ನು ಮೊದಲಿಗಿಂತ ಆಳವಾಗಿ ತೋಡಿದ್ದರು. ದರ್ಜಿ ಹೊಸ ಅಂಗಿಗಳನ್ನು ಹರಿದು ಮಕ್ಕಳಿಗೆ ತೊಡಿಸುತ್ತಿದ್ದ. ಚರಂಡಿಯ ಪಕ್ಕದಲ್ಲಿ ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸಿ, ಸಮಿತಿ ಬಂದ ಕೂಡಲೇ ಯಾವ ಕಡೆಗೆ ಬೀಳಬೇಕು ಎಂದು ಇಬ್ಬರು ಹೆಂಗಸರು ಹೇಳಿಕೊಡುತ್ತಿದ್ದರು. ಅತ್ತೆ ಅಳಿಯನನ್ನು ನೋಡಿ ಕೆಮ್ಮಿದರು. ಆ ಕೆಮ್ಮಿನ ಅರ್ಥವನ್ನು ಇಲ್ಲಿ ಬರೆಯುವಂತಿಲ್ಲ.

ಅವನ ತಾಳ್ಮೆ ಹರಿದುಹೋಯಿತು. ಎಲ್ಲರನ್ನೂ ಕರೆದು ನಡುಬೀದಿಯಲ್ಲಿ ನಿಲ್ಲಿಸಿಕೊಂಡ. ಸಿಂಗಾರವೂ ಬೇಡ, ನಾಟಕವೂ ಬೇಡ. ಸಮಿತಿಯವರ ಎದುರು ಯಾರೂ ಬರಬಾರದು, ಅವರ ಹತ್ತಿರ ಮಾತಾಡಬಾರದು. ಕಿಟಕಿ ಬಾಗಿಲು ಮುಚ್ಚಿರಲಿ, ಒಂದು ಗೆರೆ ಬೆಳಕೂ ಬೀದಿಗೆ ಬೀಳಬಾರದು. ಅವರು ಕತ್ತಲನ್ನು ನೋಡಿಕೊಂಡು ಹೋದರೆ ಸಾಕು, ಉಳಿದದ್ದು ತನಗಿರಲಿ ಎಂದ. ಜನ ಮುಖ ಮುಖ ನೋಡಿಕೊಂಡರು, ಆಮೇಲೆ ತಲೆಯಾಡಿಸಿದರು. ಅಷ್ಟು ಬೇಗ ಒಪ್ಪಿದ್ದು ಅವನಿಗೆ ಸಂತೋಷವನ್ನೇ ತಂದಿತು.

ಹೊತ್ತು ಮುಳುಗುವಾಗ ಅವನು ಸಮಿತಿಯನ್ನು ಕರೆದುಕೊಂಡು ಬೀದಿಯ ಬಾಯಿಗೆ ಬಂದ. ಸಮಿತಿಯ ಅಧ್ಯಕ್ಷರು ಮೂಗಿಗೆ ಕರವಸ್ತ್ರ ಹಿಡಿದಿದ್ದರು. ಸಂಸ್ಥೆಯ ಮೇಡಂ ಪಕ್ಕದಲ್ಲಿದ್ದರು, ಹಿಂದೆ ಇನ್ನೂ ಕೆಲವರು. ಬೀದಿ ಬಾವಿಯೊಳಗಿನ ಹಾಗೆ ಕಪ್ಪಾಗಿತ್ತು. ಮಗುವಿನ ಅಳು ಇಲ್ಲ, ಪಾತ್ರೆಯ ಸದ್ದಿಲ್ಲ, ದರ್ಜಿಯ ಹೊಲಿಗೆ ಯಂತ್ರವೂ ಇಲ್ಲ. ವರ್ಷವಿಡೀ ಆ ಕತ್ತಲಲ್ಲಿ ಓಡಾಡಿದ ಕತ್ತಲಪ್ಪನಿಗೂ ಮೈ ಜುಮ್ಮೆಂದಿತು. ಹೇಳಿದ ಮಾತನ್ನು ಇಷ್ಟು ಚೆನ್ನಾಗಿ ಪಾಲಿಸುವ ಜನ ಇವರಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಹೆಮ್ಮೆಯಾಯಿತು.

ಯಾಕೆಂದರೆ ಅವರು ಇದ್ದರು. ಹೆಜ್ಜೆ ಹಾಕುತ್ತಿದ್ದಂತೆ ಅವನಿಗೆ ಎರಡೂ ಬದಿಯಿಂದ ಕೇಳಿಸತೊಡಗಿತು. ಬಾಗಿಲುಗಳ ಹಿಂದೆ ಮೆಲ್ಲನೆ ಉಸಿರು. ದರ್ಜಿಯ ಮನೆಯಲ್ಲಿ ನೆಲದ ಮೇಲೆ ಕಾಲು ಸರಿಸಿದ ಸದ್ದು. ಒಂದು ಕಡೆ ಯಾರೋ ಯಾರದೋ ಬಾಯಿಗೆ ಕೈ ಒತ್ತಿದಂತೆ ಅರ್ಧಕ್ಕೆ ನಿಂತ ನಗು.

"ಇಲ್ಲಿ ಜನ ಇದ್ದಾರೇನ್ರೀ?" ಎಂದು ಅಧ್ಯಕ್ಷರು ಕೇಳಿದರು.

"ಮನೆ ತುಂಬಾ ಇದ್ದಾರೆ ಸರ್. ಕತ್ತಲಾಯ್ತು ಅಂದ್ರೆ ಪಾಪ, ಯಾರೂ ಹೊರಗೆ ಬರಲ್ಲ."

ಅಧ್ಯಕ್ಷರು ಕಿವಿಗೊಟ್ಟು ನಿಂತರು. ತಮಗೆ ಏನೂ ಕೇಳಿಸುವುದಿಲ್ಲವಲ್ಲ ಎಂದರು. ಮೇಡಂ ಕೂಡ ಇಲ್ಲ ಎಂದು ತಲೆಯಾಡಿಸಿದರು. ಅಷ್ಟರಲ್ಲಿ ಅವನ ಮನೆ ಬಂತು. ಬಾಗಿಲಿನ ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಅತ್ತೆಯದೇ ದನಿ, ಸಂದೇಹವಿಲ್ಲ. ಆದರೆ ಅವನಿಗೆ ಗೊತ್ತಿದ್ದ ಯಾವ ಕೆಮ್ಮೂ ಅದಾಗಿರಲಿಲ್ಲ. ಅದಕ್ಕೆ ಕೋಪವೂ ಇರಲಿಲ್ಲ, ಅರ್ಥವೂ ಇರಲಿಲ್ಲ. ಆಮೇಲೆ ಬಾಗಿಲಿಗೆ ತುಟಿ ತಾಗಿಸಿ ಹೇಳಿದಷ್ಟು ಹತ್ತಿರದಿಂದ ಹೆಂಡತಿಯ ಪಿಸುಮಾತು ಬಂತು.

"ಹೋದ್ರಾ?"

"ಇನ್ನೂ ಇಲ್ಲ. ಸುಮ್ನಿರು," ಎಂದು ಅವನೂ ಬಾಗಿಲಿಗೆ ಬಾಗಿ ಪಿಸುಗುಟ್ಟಿದ.

ಅಧ್ಯಕ್ಷರು ಅವನನ್ನೇ ನೋಡುತ್ತಾ ಜೇಬಿನಿಂದ ಫೋನು ತೆಗೆದು ಟಾರ್ಚು ಹಾಕಿದರು. ಬೆಳಕು ಬಾಗಿಲಿನ ಮೇಲೆ ಬಿತ್ತು. ಚಿಲಕಕ್ಕೆ ಹೊರಗಿನಿಂದ ಬೀಗ ಹಾಕಿತ್ತು. ಬೆಳಕನ್ನು ಪಕ್ಕದ ಮನೆಗೆ ತಿರುಗಿಸಿದರು, ಅಲ್ಲೂ ಬೀಗ. ಎದುರಿಗೆ ದರ್ಜಿಯ ಬಾಗಿಲಿಗೂ ಬೀಗ. ಬೆಳಕು ಹರಿದಷ್ಟು ದೂರವೂ ಬೀಗಗಳೇ ಹೊಳೆದವು.

"ನೀವು ಯಾರ ಹತ್ತಿರ ಮಾತಾಡಿದ್ದು?" ಎಂದು ಮೇಡಂ ಮೆಲ್ಲನೆ ಕೇಳಿದರು. ಕತ್ತಲಪ್ಪ ಬೀಗವನ್ನು ಹಿಡಿದು ಒಮ್ಮೆ ಜಗ್ಗಿ ನೋಡಿದ. ಸಮಿತಿ ಬಂದದ್ದಕ್ಕಿಂತ ಬೇಗನೆ ಆ ಬೀದಿಯಿಂದ ಹೊರಬಿತ್ತು.

ಮೇಲಿನ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರತಿ ಕಂಬದ ಕೆಳಗೂ ಜನ. ಮಕ್ಕಳು ಪುಸ್ತಕ ಹರಡಿಕೊಂಡಿದ್ದರು, ಗಂಡಸರು ಹರಟುತ್ತಿದ್ದರು. ಒಂದು ಕಂಬದ ಕೆಳಗೆ ದರ್ಜಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ಅವನ ಪಕ್ಕದಲ್ಲೇ ಕತ್ತಲಪ್ಪನ ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು, ಅತ್ತೆ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು.

"ಮುಚ್ಚಿದ ಮನೆಯಲ್ಲಿ ಮಕ್ಕಳನ್ನ ಎಷ್ಟು ಹೊತ್ತು ಸುಮ್ನೆ ಕೂರಿಸೋಕಾಗುತ್ರೀ?" ಎಂದಳು ಹೆಂಡತಿ. "ಅದಕ್ಕೇ ಎಲ್ಲರೂ ಬೀಗ ಹಾಕ್ಕೊಂಡು ಇಲ್ಲಿಗೆ ಬಂದ್ವಿ. ದಿನಾ ಬರೋ ಜಾಗ ತಾನೇ. ನೀವು ಆಫೀಸಿಂದ ಬರೋ ಹೊತ್ತಿಗೆ ಮನೆಗೆ ಹೋಗಿರ್ತೀವಿ, ಅಷ್ಟೇ."

ಕತ್ತಲಪ್ಪನಿಗೆ ಇಡೀ ವರ್ಷದ ಲೆಕ್ಕ ತಲೆಕೆಳಗಾಗಿ ಕಂಡಿತು. ದೀಪ ಬಂದ ಮೇಲೆ ಮೇಲಿನ ಬೀದಿಯಲ್ಲಿ ಸಂಜೆ ಎಷ್ಟೊಂದು ಜನ ಹೊರಗೆ ಬರುತ್ತಾರೆ ಎಂದು ಸಂಸ್ಥೆ ವರ್ಷವಿಡೀ ಹಿಗ್ಗಿತ್ತು. ಆ ಜನ ಇವರೇ. ಮೇಲಿನ ಬೀದಿಯ ಏಳಿಗೆಗೂ ಕೆಳಗಿನ ಬೀದಿಯ ನಿಶ್ಶಬ್ದಕ್ಕೂ ಲೆಕ್ಕ ಹಿಡಿದದ್ದು ಒಂದೇ ಜನರನ್ನು.

ಆದರೆ ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. "ನೀನು ಮನೆಯಲ್ಲಿ ಇರಲಿಲ್ವಾ? ಈಗ ಸ್ವಲ್ಪ ಮುಂಚೆ?" ಎಂದು ಕೇಳಿದ. ಸೂರ್ಯ ಮುಳುಗುವ ಮೊದಲೇ ಬಂದೆವು ಎಂದು ಅವಳು ಸೊಪ್ಪಿನಿಂದ ತಲೆ ಎತ್ತದೆ ಹೇಳಿದಳು.

ಅಧ್ಯಕ್ಷರು ಜನರ ನಡುವೆ ನಿಂತು, ದೀಪದಿಂದ ಅನುಕೂಲವಾಗಿದೆಯೇ ಎಂದು ವಿಚಾರಿಸುತ್ತಿದ್ದರು. ಬಹಳ ಅನುಕೂಲ, ಇನ್ನಷ್ಟಿದ್ದರೆ ಇನ್ನೂ ಒಳ್ಳೆಯದು ಎಂದು ದರ್ಜಿ ಎಲ್ಲರ ಪರವಾಗಿ ಹೇಳಿದ. ಕತ್ತಲಪ್ಪ ನುಗ್ಗಿಕೊಂಡು ಹೋಗಿ, ಇವರೆಲ್ಲ ಕೆಳಗಿನ ಬೀದಿಯವರು ಸರ್ ಎಂದ. ಹೌದು, ನಾವು ಅಲ್ಲಿಯವರೇ ಎಂದು ನಾಲ್ಕಾರು ದನಿಗಳು ಸೇರಿಕೊಂಡವು. ಏನಾದರೂ ಹಂಚುತ್ತಾರೆ ಎಂದರೆ ಜನ ಯಾವ ಬೀದಿಯವರೂ ಆಗುತ್ತಾರೆ ಎಂಬುದನ್ನು ಬಲ್ಲ ಅಧ್ಯಕ್ಷರು ಮುಗುಳ್ನಕ್ಕರು.

"ನೋಡಪ್ಪಾ, ಹೇಳಿದ್ದನ್ನ ಕೇಳೋ ಕಾಲ ಹೋಯ್ತು. ಈಗ ಪುರಾವೆ ನೋಡಿ ತೀರ್ಮಾನ ಮಾಡ್ತೀವಿ. ಇಲ್ಲಿ ಜನ ಇದ್ದಾರೆ, ನಾನೇ ನೋಡಿದೆ. ಅಲ್ಲಿ ಯಾರೂ ಇಲ್ಲ, ಅದನ್ನೂ ನಾನೇ ನೋಡಿದೆ."

ತೀರ್ಮಾನ ಅಲ್ಲೇ ಆಯಿತು. ಮೇಲಿನ ಬೀದಿಗೆ ಇನ್ನಷ್ಟು ದೀಪ. ಕೆಳಗಿನದು ಪಾಳುಬಿದ್ದ ಬೀದಿ, ಅಲ್ಲಿಗೆ ಖರ್ಚು ಮಾಡುವ ಅಗತ್ಯವಿಲ್ಲ. ಹೊಸ ದೀಪಗಳ ಫಲ ತಿಳಿಯಲು ಮತ್ತೊಂದು ವರ್ಷ ಹೋಲಿಕೆ ಬೇಕು, ಅದಕ್ಕೆ ಕೆಳಗಿನ ಬೀದಿಯೇ ಸರಿ ಎಂದು ಮೇಡಂ ಸೂಚಿಸಿದರು. ಖಾಲಿ ಬೀದಿಯಾದ್ದರಿಂದ ಈ ಸಲ ಯಾರಿಗೂ ಅನ್ಯಾಯವಾಗುವುದಿಲ್ಲವಲ್ಲ ಎಂದು ಅವರಿಗೆ ಸಮಾಧಾನವೂ ಆದಂತಿತ್ತು. ಕತ್ತಲಪ್ಪನ ಕೆಲಸವನ್ನು ಒಂದು ವರ್ಷ ಮುಂದುವರಿಸಿದರು. ಕಾರು ಹತ್ತುವ ಮುಂಚೆ ಮೇಡಂ, ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ, ಬಾಗಿಲುಗಳ ಹತ್ತಿರ ಮಾತಾಡಬೇಡಿ ಎಂದು ಪ್ರೀತಿಯಿಂದಲೇ ಹೇಳಿದರು.

ಅವನಿಗೆ ಅಳು ಬಂತು. ಅತ್ತೆಯ ಕೈ, ಹೆಂಡತಿಯ ವರ್ಷದ ಸಹನೆ, ಬೀದಿಯವರ ಸುಣ್ಣ ಎಲ್ಲವೂ ನೀರಿನಲ್ಲಿ ಹೋಮವಾದವು. ಆದರೆ ಅಳುತ್ತಾ ನಿಲ್ಲುವುದಕ್ಕೂ ಅದು ಅವನ ಬೀದಿಯಾಗಿರಲಿಲ್ಲ. ಹೆಂಡತಿ ಸೊಪ್ಪಿನ ಬುಟ್ಟಿ ಎತ್ತಿಕೊಂಡಳು, ದರ್ಜಿ ಅತ್ತೆಯ ಕುರ್ಚಿಯನ್ನು ಹೊತ್ತುಕೊಂಡ. ಎಲ್ಲರೂ ಒಬ್ಬರ ಹೆಗಲನ್ನು ಒಬ್ಬರು ಹಿಡಿದು ಸಾಲಾಗಿ ಕೆಳಗಿಳಿದರು. ಅಣ್ಣನ ಮನೆಯ ಮಾತನ್ನು ಹೆಂಡತಿ ಎತ್ತಲಿಲ್ಲ. ಬೆಳಗಾಗಲಿ ಎಂದು ಕಾಯುತ್ತಿದ್ದಾಳೆ ಎಂದು ಅವನಿಗೆ ಗೊತ್ತಿತ್ತು.

ಬಾಗಿಲಿನ ಮುಂದೆ ಅವನು ತಡಕಾಡಿ ಬೀಗಕ್ಕೆ ಕೀಲಿ ಹಾಕಿದ. ಕೀಲಿ ತಿರುಗಿ ಬೀಗ ಕೈಗೆ ಬಂತು. ಚಿಲಕ ಸರಿಸಿ ತಳ್ಳಿದ. ಬಾಗಿಲು ಅಲುಗಲಿಲ್ಲ. ಹೆಗಲು ಕೊಟ್ಟು ತಳ್ಳಿದ. ಒಳಗಿನಿಂದ ಯಾರೋ ಅಗುಳಿ ಹಾಕಿದ್ದರು.

"ಯಾರದು?" ಎಂದು ಒಳಗಿನಿಂದ ಹೆಂಡತಿಯ ದನಿ ಕೇಳಿತು.

ಹೆಂಡತಿ ಹಿಂದಿನಿಂದ ಅವನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳು ಬಾಯೇ ತೆರೆದಿರಲಿಲ್ಲ. ಸಾಲಿನಲ್ಲಿ ಹಿಂದಿದ್ದವರೂ ತಮ್ಮ ತಮ್ಮ ಬಾಗಿಲುಗಳನ್ನು ತಳ್ಳಿ ನೋಡುತ್ತಿರುವ ಸದ್ದು ಬೀದಿಯುದ್ದಕ್ಕೂ ಕೇಳಿಸಿತು.

"ನಾನು. ಈ ಮನೆಯವನು," ಎಂದ ಕತ್ತಲಪ್ಪ.

ಒಳಗೆ ಇಬ್ಬರು ಮೂವರು ಪಿಸುಪಿಸು ಮಾತಾಡಿಕೊಂಡರು. ಆಮೇಲೆ ಆ ದನಿ, ಹೊತ್ತು ಮೀರಿ ಬಂದವರನ್ನು ಕಚೇರಿಯ ಕಿಟಕಿಯಿಂದ ವಾಪಸ್ಸು ಕಳಿಸುವಷ್ಟು ಮರ್ಯಾದೆಯಿಂದ ಉತ್ತರಿಸಿತು.

"ಈ ಬೀದಿಯಲ್ಲಿ ಯಾರೂ ವಾಸ ಇಲ್ಲ ಅಂತ ಈಗಷ್ಟೇ ತೀರ್ಮಾನ ಆಗಿದೆಯಲ್ಲ ಸ್ವಾಮಿ. ನೀವೆಲ್ಲಾ ಮೇಲಿನ ಬೀದಿಯವರು. ಅಲ್ಲಿಗೆ ಇನ್ನೂ ದೀಪ ಬರುತ್ತಂತೆ, ಹೋಗಿ."